ಏಳನೆಯ ಮುದ್ದೆ

ಪಾಂಡವಪುರದ ರೈಲ್ವೆ ಸ್ಟೇಷನ್ ಊರಿನಿಂದ ಹೊರಗಿದೆ. ಕಳೆದ ತಿಂಗಳು ನೆಂಟರ ಮದುವೆಗೆಂದು ಅಲ್ಲಿ ಇಳಿದು ಆಟೋಗೆ ಕಾಯುತ್ತಿದ್ದಾಗ ಎಲ್ಲಿಂದಲೋ ಆಲೆಮನೆಯ ವಾಸನೆ ಬಂತು. ಬೆಲ್ಲದ ಪರಿಮಳವಲ್ಲ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಮೇಲಿಂದ ಕೊಳೆ ತೆಗೆದು ಹೊರಗೆ ಸುರಿಯುತ್ತಾರಲ್ಲ, ಅದು ಎರಡು ದಿನ ಬಿಸಿಲಿಗೆ ಹುಳಿತು ಏಳುವ ಘಾಟು. ಮದುವೆ ಮನೆಗೆ ಹೋಗಬೇಕಾದವನು ಆಟೋದವನಿಗೆ ಬೇರೊಂದು ಹಳ್ಳಿಯ ಹೆಸರು ಹೇಳಿದೆ. ಆ ಹಳ್ಳಿಗೆ ಕಾಲಿಡದೆ ಇಪ್ಪತ್ತೈದು ವರ್ಷದ ಮೇಲಾಗಿತ್ತು.

ನಾನು ಇತಿಹಾಸದ ಮೇಷ್ಟ್ರಾಗಿದ್ದವನು. ಒಂದೇ ಸಾಕ್ಷಿಯ ಮೇಲೆ ಏನನ್ನೂ ನಂಬಬೇಡಿ, ಹೇಳುವವನಿಗೇ ಅನುಕೂಲವಾಗಿರುವ ಸಾಕ್ಷಿಯನ್ನಂತೂ ನಂಬಲೇಬೇಡಿ ಎಂದು ವರ್ಷ ವರ್ಷವೂ ಕ್ಲಾಸಿನಲ್ಲಿ ಹೇಳಿದ್ದೇನೆ. ಆ ವರ್ಷದ ಆಷಾಢದಿಂದ ಸುಗ್ಗಿಯವರೆಗೆ ನಡೆದದ್ದಕ್ಕೆ ಮಾತ್ರ ನನ್ನ ಬಳಿ ಇದ್ದದ್ದು ಒಂದೇ ಸಾಕ್ಷಿ. ಅದು ನಾನೇ.

ತೊಂಬತ್ತರ ದಶಕದ ನಡುವಿನ ವರ್ಷ ಅದು. ಕಿಕ್ಕೇರಿಯವನಾದ ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ, ಪಾಂಡವಪುರದಲ್ಲಿ ಅರೆಕಾಲಿಕ ಪಾಠ ಹೇಳಿಕೊಂಡು, ಹತ್ತಿರದ ಈ ಹಳ್ಳಿಯಲ್ಲಿ ಅಕ್ಕನ ಮನೆಯಲ್ಲಿದ್ದೆ. ಭಾವ ಅಲ್ಲಿನ ಪ್ರೈಮರಿ ಶಾಲೆಯ ಮೇಷ್ಟ್ರು. ಆ ಊರಿಗೊಂದು ಬ್ಯಾಸ್ಕೆಟ್‌ಬಾಲ್ ಕ್ಲಬ್ ಇತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಅಂಗಳ ಎಂದರೆ ರಾಗಿ ಬಡಿಯುವ ಕಣ. ಕಂಬಗಳು ಬೋರ್‌ವೆಲ್ ಪೈಪಿನವು, ಹಲಗೆಗಳು ಯಾರದೋ ಹಳೇ ಮನೆಯ ಬಾಗಿಲಿನವು. ಮಳೆ ಬಿಟ್ಟ ಮೇಲೆ ಗುಂಡುಕಲ್ಲು ಉರುಳಿಸಿ, ಸಗಣಿ ಬಗ್ಗಡ ಹಾಕಿ ಸಾರಿಸಿ, ಒಣಗಿದ ಮೇಲೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಸುಗ್ಗಿ ಬಂದರೆ ಆಟ ಬಂದ್, ಗೆರೆಗಳ ಮೇಲೆ ರಾಗಿ ಮೆದೆ. ಚೆಂಡು ಮೊದಲ ವಾರ ಹಸಿರಾಗಿರುತ್ತಿತ್ತು.

ಕಣ ಪುಟ್ಟಸ್ವಾಮಣ್ಣನದು. ಕ್ಲಬ್ಬೂ ಹೆಚ್ಚುಕಡಿಮೆ ಅವನದೇ. ನಲವತ್ತರ ಹತ್ತಿರದ ಮನುಷ್ಯ, ಬೆಳಿಗ್ಗೆ ಸಂಜೆ ಹಾಲಿನ ಸೊಸೈಟಿಯಲ್ಲಿ ಕ್ಯಾನ್ ಮುಂದೆ ಕೂರುವವನು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ತಂಡಗಳು ದಸರಾ ಕಳೆದ ಮೇಲೆ ಒಂದು ಕಪ್ಪಿಗಾಗಿ ಆಡುತ್ತಿದ್ದವು. ಮೂರು ವರ್ಷ ಒಂದೇ ಸಮನೆ ನಾಗಮಂಗಲದವರ ಕೈಲಿ ಸೋತಿದ್ದ ಪುಟ್ಟಸ್ವಾಮಣ್ಣನಿಗೆ ಅದು ತಲೆಗೆ ಹತ್ತಿತ್ತು.

"ಒಬ್ಬ ಉದ್ದನ್ನ ಆಳು ಬೇಕು ಕಣಪ್ಪ," ಅಂದ ಒಂದು ಸಂಜೆ. "ನಮ್ ಮಣ್ಣಲ್ಲಿ ಕಬ್ಬು ಬೆಳೀತದೆ, ಐಕ್ಳು ಬೆಳೀತಿಲ್ಲ. ಮೈಸೂರ್ನಾಗೆ ಓದ್ದೋನು ನೀನು. ಅಲ್ಲೆಲ್ಲ ಪಾರಿನ್ ಉಡುಗ್ರು ಅವ್ರಂತಲ್ಲ, ಒಬ್ಬನ್ನ ಕರ್ಕಬಾ."

ಹಾಗೆ ನಾನು ಮಬಿಯೋರ್‌ನನ್ನು ಹುಡುಕಿಕೊಂಡು ಹೋದೆ. ಎಂ.ಎ. ಓದುವಾಗ ಮೈಸೂರಿನ ಒಂದು ಮೈದಾನದಲ್ಲಿ ಅವನ ಆಟ ನೋಡಿದ್ದೆ. ಸುಡಾನಿನವನು, ಹತ್ತೊಂಬತ್ತು ವರ್ಷ, ಬಿ.ಕಾಂ. ಎರಡನೇ ವರ್ಷ. ಆರೂಮುಕ್ಕಾಲು ಅಡಿ ಎತ್ತರ. ಎತ್ತರದವರು ಎಷ್ಟೋ ಜನ ಇರುತ್ತಾರೆ. ಇವನು ಚೆಂಡು ತನ್ನ ಕಡೆ ಬರುವುದಕ್ಕೆ ಮೊದಲೇ ಅದು ಬರುವ ಜಾಗದಲ್ಲಿ ಸುಮ್ಮನೆ ನಿಂತಿರುತ್ತಿದ್ದ. ಅವನ ಕಾಲೇಜಿನ ಕೋಚ್ ಇವನು ಎಲ್ಲೆಲ್ಲಿಗೋ ಹೋಗುವವನು ಎಂದು ಹೇಳುತ್ತಿದ್ದರು.

ನಾನು ನಮ್ಮ ಕ್ಲಬ್ಬು, ನಮ್ಮ ಕಪ್ಪು, ಶನಿವಾರ ಬಂದರೆ ಸೋಮವಾರದವರೆಗೆ ಊಟ ವಸತಿ ಎಂದೆಲ್ಲ ವಿವರಿಸಿದೆ. ಅವನು ತಲೆಬಗ್ಗಿಸಿ ಕೇಳಿ, ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಹಾಕಿದ.

"ಅಲ್ಲಿ ದನಗಳಿವೆಯಾ?"

ಆಮೇಲೆ ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕಾಗದ ತೆಗೆದು ತೋರಿಸಿದ. ವಿದೇಶಿಯರ ದಾಖಲೆ ನೋಡುವ ಪೊಲೀಸ್ ಕಚೇರಿ ಕೊಟ್ಟದ್ದು. ಅದರಲ್ಲಿ ಮೈಸೂರಿನ ವಿಳಾಸವಿತ್ತು. ಅಲ್ಲಿಯೇ ವಾಸವಿರಬೇಕು, ವರ್ಷಕ್ಕೊಮ್ಮೆ ನವೀಕರಿಸಬೇಕು, ಅದರಲ್ಲಿ ಒಂದು ಕಲೆಯೂ ಬೀಳಬಾರದು ಎಂದ. ಬಿದ್ದರೆ ಊರಿಗೆ ಹೋಗಬೇಕು. ಅವನ ಊರಿನ ಕಡೆ ಯುದ್ಧ ನಡೆಯುತ್ತಿತ್ತು. ಅಣ್ಣನನ್ನು ರಸ್ತೆಯಲ್ಲೇ ಹಿಡಿದು ಸೈನ್ಯದ ಲಾರಿಗೆ ಹತ್ತಿಸಿದ್ದರು. ಮತ್ತೆ ಸುದ್ದಿ ಬಂದಿರಲಿಲ್ಲ. "ಡಿಗ್ರಿ ಮುಗಿಯುವವರೆಗೆ ನನಗೆ ಈ ಕಾಗದ ಬೇಕು. ಆಟ ಆಮೇಲೆ," ಎಂದ. ಈ ಮಾತನ್ನು ಅವನು ಹೇಳಿದ್ದು ನನಗೆ ಖಚಿತವಾಗಿ ನೆನಪಿದೆ. ನೆನಪಿರದಿದ್ದರೆ ಚೆನ್ನಾಗಿತ್ತು.

ಅವನು ಬಂದ. ಅವನ ಕಾಲಿನ ಅಳತೆಯ ಬೂಟು ಎಲ್ಲೂ ಸಿಗದೆ, ಪಾಂಡವಪುರದ ಸಂತೆಯ ಚಪ್ಪಲಿ ಹೊಲಿಯುವವರೊಬ್ಬರು ಟೈರಿನ ಅಟ್ಟೆ ಹಾಕಿ ಒಂದು ಜೊತೆ ಹೊಲಿದುಕೊಟ್ಟರು. ಮೊದಲ ದಿನ ಕಣದಲ್ಲಿ ಅವನು ಕೈ ಎತ್ತಿದರೆ ಹಲಗೆಗೆ ಬಡಿದ ಕಬ್ಬಿಣದ ಬಳೆ ಹತ್ತಿರವೇ ಇತ್ತು. ಟ್ರಾಕ್ಟರ್ ಓಡಿಸುವ ಜವರ ಬಾಯಿ ಬಿಟ್ಟುಕೊಂಡು ನೋಡಿ, "ಲೇ, ಇನ್ಮ್ಯಾಕೆ ಎಳನೀರ್ ಕೀಳಕ್ಕೆ ಆಳು ಬ್ಯಾಡ ಕಣ್ರಲಾ. ಇವ್ನು ನಿಂತ್ಕಂಡೇ ಕಿತ್ತಾಕ್ತಾನೆ," ಅಂದ. ಎಲ್ಲ ನಕ್ಕರು. ಅರ್ಥವಾಗದಿದ್ದರೂ ಮಬಿಯೋರ್ ಕೂಡ ನಕ್ಕ.

ಅವನಿಗೆ ಊಟ ವಸತಿ ಪುಟ್ಟಸ್ವಾಮಣ್ಣನ ಮನೆಯಲ್ಲಿ. ಪುಟ್ಟಸ್ವಾಮಣ್ಣನ ತಾಯಿಯನ್ನು ಊರೆಲ್ಲ ಅವ್ವ ಎನ್ನುತ್ತಿತ್ತು. ಗಂಡ ಚನ್ನೇಗೌಡರು ತೀರಿಕೊಂಡು ಹತ್ತು ವರ್ಷವಾಗಿತ್ತು. ಮನೆ, ಗದ್ದೆ, ಆರು ಕರೆಯುವ ಹಸು ಆಕೆಯ ಕೈಯಲ್ಲೇ ನಡೆಯುತ್ತಿದ್ದವು. ನಿನ್ನ ಹೆಸರಿಗೆ ಏನರ್ಥ ಎಂದು ಆಕೆ ಕೇಳಿದಾಗ ನಾನೇ ದುಭಾಷಿ. ಅವರಲ್ಲಿ ಗಂಡುಮಕ್ಕಳಿಗೆ ಎತ್ತಿನ ಬಣ್ಣದ ಹೆಸರಿಡುತ್ತಾರಂತೆ. ಮಬಿಯೋರ್ ಎಂದರೆ ಬಿಳಿ ಎತ್ತು.

ಅವ್ವ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಇಟ್ಟೋರ್ಗೆ ಕಣ್ ಇರ್ಲಿಲ್ವಾ? ಆಗ್ಲಿ ಬುಡು. ನಮ್ ಕೊಟ್ಗೇಲೂ ಒಬ್ಬ ಬಿಳಿಯ ಅವ್ನೆ, ಇವ್ನೊಬ್ಬ ಇರ್ಲಿ."

ಹಾಲು ಕರೆಯಲು ಹೇಳಿದರೆ ಮಾತ್ರ ಅವನು ಒಪ್ಪಲಿಲ್ಲ. ಅವನ ಜನರಲ್ಲಿ ಬೆಳೆದ ಗಂಡಸರು ಕೆಚ್ಚಲು ಮುಟ್ಟುವುದಿಲ್ಲ. ಸೊಸೈಟಿಗೆ ದಿನಾ ಹಾಲು ಹಾಕುವ ಮನೆಯಲ್ಲಿ ಇದು ದೊಡ್ಡ ತಮಾಷೆಯಾಯಿತು. ಅವನು ಬಿಳಿ ಎತ್ತಿನ ಮೈ ತಿಕ್ಕುತ್ತಾ ಅದರ ಕಿವಿಯ ಹತ್ತಿರ ಏನೋ ಹಾಡಿಕೊಳ್ಳುತ್ತಿದ್ದ. ಎರಡು ತಿಂಗಳಲ್ಲಿ ಮುದ್ದೆ ಅಗಿಯದೆ ನುಂಗುವುದನ್ನು ಕಲಿತ, "ಸಾಕು ಕಣವ್ವ" ಎನ್ನುವುದನ್ನು ಕಲಿತ. ಸಾಕು ಎಂದರೆ ಆಕೆ ಇನ್ನೊಂದು ಇಡುತ್ತಾಳೆ ಎಂಬುದನ್ನೂ ಕಲಿತ.

ಈಗ ಪಟ್ಟಿಯ ವಿಷಯ. ಆ ಮಳೆಗಾಲದಲ್ಲಿ ಮತದಾರರ ಪಟ್ಟಿ ಹೊಸದಾಗಿ ಬರೆಯಲು ಮನೆ ಮನೆಗೆ ಮೇಷ್ಟ್ರುಗಳನ್ನು ಕಳಿಸಿದ್ದರು. ಭಾವನಿಗೆ ಜ್ವರ. ಆ ಊರಿನ ಪಟ್ಟಿ ಬರೆಯುವ ಪುಸ್ತಕವನ್ನು ನಾನು ಹಿಡಿದುಕೊಂಡು ಹೋದೆ. ಮನೆಯವರ ಹೆಸರು ಬರೆದು, ಅಡಿಯಲ್ಲಿ ಕಾರ್ಬನ್ ಇಟ್ಟು, ನಕಲು ಚೀಟಿಯನ್ನು ಮನೆಯವರಿಗೆ ಹರಿದು ಕೊಡಬೇಕು. ಸಹಿ ಭಾವ ಹಾಕುತ್ತಾರೆ.

ನನ್ನ ನೆನಪಿನಲ್ಲಿ ಆ ಮಧ್ಯಾಹ್ನ ಹೀಗಿದೆ. ಸೋನೆ ಮಳೆ. ಜಗಲಿಯ ಮೇಲೆ ಅವ್ವ ಅವರೆಕಾಳು ಬಿಡಿಸುತ್ತಿದ್ದಾಳೆ. ಮನೆಯಲ್ಲಿ ವಯಸ್ಸಿಗೆ ಬಂದವರು ಎಷ್ಟು ಜನ ಎಂದು ಕೇಳುತ್ತೇನೆ. ಆ ಕಡೆಯ ಹೆಂಗಸರು ಜನರನ್ನು ತಲೆ ಎಣಿಸಿ ಹೇಳುವುದಿಲ್ಲ, ಮುದ್ದೆ ಎಣಿಸಿ ಹೇಳುತ್ತಾರೆ. ಮಕ್ಕಳಿಗೆ ಅನ್ನ, ದೊಡ್ಡವರಿಗೆ ಮುದ್ದೆ. ಆಕೆ ಬೆರಳು ಮಡಿಸುತ್ತಾಳೆ. "ನಾನು, ಪುಟ್ಟ, ಅವ್ನೆಡ್ತಿ, ಚಿಕ್ಕೋನು, ಅವ್ನೆಡ್ತಿ, ಮಗಳು. ನಮ್ ಬಿಳಿಯ. ಏಳ್ ಮುದ್ದೆ ಕಟ್ತೀನಿ ಕಣಪ್ಪ, ಏಳ್ ಬರ್ಕೊ." ತಂದೆಯ ಹೆಸರಿನ ಕಾಲಂ ಖಾಲಿ ಬಿಡುವಂತಿಲ್ಲ ಎಂದು ನಾನು ಹೇಳಿದರೆ, "ನಮ್ಮ್ ಯಜಮಾನ್ರ ಹೆಸ್ರೇ ಹಾಕು, ಅವ್ರೇನು ಎದ್ ಬಂದು ಬ್ಯಾಡ ಅಂದಾರಾ?" ಎನ್ನುತ್ತಾಳೆ. ನಾನು ನಗುತ್ತಾ ಬರೆಯುತ್ತೇನೆ. ಮಬಿಯೋರ್, ತಂದೆ ಚನ್ನೇಗೌಡ, ಗಂಡು, ಹತ್ತೊಂಬತ್ತು.

ಈ ಚಿತ್ರದಲ್ಲಿ ಒಂದು ತೊಡಕಿದೆ. ಆ ದಿನ ಬುಧವಾರ, ಮಬಿಯೋರ್ ಬರುತ್ತಿದ್ದದ್ದು ಶನಿವಾರ. ಬುಧವಾರ ಆ ಮನೆಯಲ್ಲಿ ಏಳು ಮುದ್ದೆ ಯಾಕೆ? ಇನ್ನೊಂದು ತೊಡಕು, ಆಷಾಢದಲ್ಲಿ ಅವರೆಕಾಳು ಇರುವುದಿಲ್ಲ. ಇವು ನನಗೆ ಹೊಳೆದದ್ದು ವರ್ಷಗಳ ಮೇಲೆ. ಹೊಳೆದಾಗ ತಳ್ಳಿಹಾಕಿದೆ. ಕಾಳಿನ ವಿಷಯದಲ್ಲಿ ತಪ್ಪಿದ ಮಾತ್ರಕ್ಕೆ ಮಾತಿನ ವಿಷಯದಲ್ಲೂ ನೆನಪು ತಪ್ಪಬೇಕೆಂದಿಲ್ಲ ಎಂದು ನನಗೆ ನಾನೇ ವಾದ ಮಾಡಿಕೊಂಡೆ.

ದಸರಾ ಕಳೆಯಿತು. ಪಂದ್ಯಗಳು ಶ್ರೀರಂಗಪಟ್ಟಣದ ಹತ್ತಿರ ಕಿರಂಗೂರಿನ ಕಡೆಯ ಒಂದು ಬಯಲಿನಲ್ಲಿ. ಆಟಗಾರ ನಾಲ್ಕು ತಾಲ್ಲೂಕಿನಲ್ಲಿ ಒಂದರ ನಿವಾಸಿಯಾಗಿರಬೇಕು ಎಂಬುದು ಕಪ್ಪಿನ ನಿಯಮ. ಪುಟ್ಟಸ್ವಾಮಣ್ಣ ಮಾತಿನಲ್ಲೇ ಸಂಭಾಳಿಸುತ್ತೇನೆ ಎಂದುಕೊಂಡಿದ್ದ. ಕೆ.ಆರ್. ಪೇಟೆಯವರನ್ನು ನಾವು ಹದಿನೆಂಟು ಪಾಯಿಂಟಿನಿಂದ ಸೋಲಿಸಿದ ಮೇಲೆ ಮಾತು ನಡೆಯಲಿಲ್ಲ. ಫೈನಲ್ಲಿಗೆ ಮೊದಲು ನಾಗಮಂಗಲದ ತಂಡದ ಮ್ಯಾನೇಜರು ಎದ್ದು ನಿಂತರು.

"ಏನ್ ಗೌಡ್ರೆ, ಈ ಉಡ್ಗ ಯಾವ್ ತಾಲ್ಲೋಕು?"

"ನಮ್ದೇ."

"ನಿಮ್ದೇ ಅನ್ನಕ್ಕೆ ಏನಾದ್ರು ಒಂದ್ ಪುರಾವೆ?"

ಪುಟ್ಟಸ್ವಾಮಣ್ಣ ಜೇಬಿನಿಂದ ಮತದಾರರ ಪಟ್ಟಿಯ ಕರಡಿನ ಜೆರಾಕ್ಸ್ ತೆಗೆದು ಮೇಜಿನ ಮೇಲೆ ಬಿಡಿಸಿದ. ಆ ಮ್ಯಾನೇಜರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ಓದಿ, ಮಬಿಯೋರ್‌ನ ಕಡೆ ನೋಡಿದರು. "ಚನ್ನೇಗೌಡ್ರ ಮಗ. ಓಗ್ಲಿ ಬುಡಿ, ಆಡ್ಲಿ," ಅಂದರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ತಮ್ಮ ಜೇಬಿಗೆ ಇಟ್ಟುಕೊಂಡರು.

ಫೈನಲ್ ಎರಡು ಪಾಯಿಂಟಿನಿಂದ ಗೆದ್ದೆವು. ಆಟ ಏನೂ ನೆನಪಿಲ್ಲ. ಆ ನಾಲ್ಕು ಮಡಿಕೆ ಮಾತ್ರ ಒಂದೊಂದೂ ನೆನಪಿದೆ.

ಹತ್ತು ದಿನಕ್ಕೆ ಮಬಿಯೋರ್‌ಗೆ ಮೈಸೂರಿನ ಆ ಕಚೇರಿಯಿಂದ ಕರೆ ಬಂತು. ಅಧಿಕಾರಿ ಕೆಟ್ಟವರಲ್ಲ, ನಾಲ್ಕು ಮಡಿಕೆಯ ಅದೇ ಜೆರಾಕ್ಸ್ ಮುಂದಿಟ್ಟುಕೊಂಡು, ಕೂರಿಸಿ ನಿಧಾನವಾಗಿ ಕೇಳಿದರಂತೆ. ನೀನು ಇಲ್ಲಿಯವನು ಎಂದು ಎಲ್ಲಿ ಬರೆಸಿಕೊಂಡೆ, ಯಾರು ಬರೆದರು, ಮೈಸೂರು ಬಿಟ್ಟು ಅಲ್ಲಿ ಎಷ್ಟು ದಿನದಿಂದ ಇದ್ದೀಯ. ಅವನು ಯಾರು ಬರೆದರೋ ಗೊತ್ತಿಲ್ಲ ಎಂದ. ಗೊತ್ತಿತ್ತು. ಕಪ್ಪು ಗೆದ್ದ ಸಂಜೆ ಜವರ ನನ್ನ ಭುಜ ತಟ್ಟಿ, "ನಮ್ ಮೇಷ್ಟ್ರು ಪೆನ್ನಲ್ಲೇ ಗೋಲ್ ಒಡುದ್ಬುಟ್ರು," ಎಂದು ಕೂಗಿದ್ದನ್ನು ಅವನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದ. ಅಷ್ಟು ಕನ್ನಡ ಅವನಿಗೆ ಆಗಲೇ ಬರುತ್ತಿತ್ತು.

ಎರಡನೆಯ ಸಲ ಕರೆದಾಗ ಪುಟ್ಟಸ್ವಾಮಣ್ಣ ಹೊರಟ. ಅವ್ವ ನಾನೂ ಬರುತ್ತೇನೆಂದು ಹಟ ಮಾಡಿ ಬಸ್ಸು ಹತ್ತಿದಳು. ನಾನು ಅದೇ ದಿನ ಬೇರೆ ಬಸ್ಸಿನಲ್ಲಿ ಹೋದೆ. ಒಳಗೆ ಹೋಗಿ, ಬರೆದವನು ನಾನು, ಇದರಲ್ಲಿ ಹುಡುಗನ ತಪ್ಪಿಲ್ಲ ಎಂದು ಹೇಳುವುದು ಎಂದು ನಿರ್ಧಾರ ಮಾಡಿದ್ದೆ. ಹಾಗೆ ಹೇಳಿದ್ದರೆ ಏನಾದರೂ ಬದಲಾಗುತ್ತಿತ್ತೋ ಇಲ್ಲವೋ ಈಗಲೂ ಗೊತ್ತಿಲ್ಲ. ನನ್ನ ಜೇಬಿನಲ್ಲಿ ಕಾಯಂ ಕೆಲಸದ ಸಂದರ್ಶನದ ಪತ್ರವಿತ್ತು. ಸಹಿ ಹಾಕಿದ ಭಾವನ ಕೆಲಸಕ್ಕೂ ಕುತ್ತು ಬರಬಹುದಿತ್ತು. ಎದುರಿನ ಹೋಟೆಲ್ಲಿನಲ್ಲಿ ಕೂತೆ. ಮೂರು ಕಾಫಿ ಕುಡಿದೆ. ಮೆಟ್ಟಿಲು ಇಳಿದು ಅವ್ವ ಹೊರಗೆ ಬರುವುದನ್ನು ಗಾಜಿನ ಒಳಗಿಂದ ನೋಡಿದೆ. ಕಚೇರಿ ಎಂದು ಚಪ್ಪಲಿ ಬಿಟ್ಟು ಹೋಗಿದ್ದವಳು ಅವನ್ನು ಹಾಕಿಕೊಳ್ಳುವುದನ್ನು ಮರೆತು ಕೈಯಲ್ಲೇ ಹಿಡಿದುಕೊಂಡಿದ್ದಳು.

ಒಳಗೆ ನಡೆದದ್ದನ್ನು ಪುಟ್ಟಸ್ವಾಮಣ್ಣ ಆಮೇಲೆ ಹೇಳಿದ. ಅಧಿಕಾರಿ ಕೇಳುವ ಮೊದಲೇ ಅವ್ವ ಶುರು ಮಾಡಿದಳಂತೆ. "ನಾನೇ ಸ್ವಾಮಿ ಬರ್ಸಿದ್ದು. ಮೇಷ್ಟ್ರು ಏನ್ ಬಲ್ರು, ನಾನ್ ಏಳಿದ್ದ ಬರ್ಕಂಡ್ರು. ದಿನಾ ಏಳ್ ಮುದ್ದೆ ಕಟ್ತೀನಿ, ಏಳ್ ಅಂದೆ. ಉಣ್ಣೋನು ನಮ್ಮನೆಯೋನಲ್ವಾ?"

ಅಧಿಕಾರಿ ಪೆನ್ನು ಎತ್ತಿಕೊಂಡು ಕೇಳಿದರು. "ಅಜ್ಜಿ, ದಿನಾನಾ?"

"ದಿನಾ ಸ್ವಾಮಿ. ಮಗನ್ನ ಒಂದಿನ ಬುಟ್ಟು ಒಂದಿನ ಉಣ್ಣಾಕಿಕ್ತಾರಾ?"

ವಾರಕ್ಕೆ ಎರಡು ದಿನ ಎಂದಿದ್ದರೆ ಅವನು ಅತಿಥಿ. ದಿನಾ ಎಂದ ಮೇಲೆ ಅವನು ಮೈಸೂರಿನ ವಿಳಾಸ ಬಿಟ್ಟು ಬೇರೆ ಜಿಲ್ಲೆಯಲ್ಲಿ ವಾಸ ಮಾಡಿದವನು. ಅವರು ಅದನ್ನು ಬರೆದುಕೊಂಡರು. ಭಾವನಿಗೆ ಒಂದು ಎಚ್ಚರಿಕೆಯ ಪತ್ರ ಬಂತು, ಅಲ್ಲಿಗೆ ಅದು ಮುಗಿಯಿತು. ಮಬಿಯೋರ್‌ನ ಕಾಗದ ನವೀಕರಣವಾಗಲಿಲ್ಲ. ಹದಿನೈದು ದಿನದೊಳಗೆ ದೇಶ ಬಿಡಬೇಕೆಂದಾಯಿತು.

ಅವನ ಕೊನೆಯ ಭಾನುವಾರ ಕಣದಲ್ಲಿ ರಾಗಿ ಮೆದೆ ಒಟ್ಟಿದ್ದರು. ಎರಡು ಕಂಬಗಳ ತಲೆ ಮಾತ್ರ ಕಾಣುತ್ತಿತ್ತು. ಅವನು ಕೊಟ್ಟಿಗೆಗೆ ಹೋಗಿ ಎತ್ತಿನ ಮೈ ತಿಕ್ಕಿ, ಟೈರಿನ ಬೂಟುಗಳನ್ನು ಜಗಲಿಯ ಮೇಲಿಟ್ಟ. ಇನ್ನೊಬ್ಬ ಉದ್ದದ ಹುಡುಗ ಬಂದರೆ ಕೊಡಿ ಎಂದ. ಜವರ ಗುಂಡುಕಲ್ಲಿನ ಮೇಲೆ ಕೂತುಬಿಟ್ಟ.

ಬಸ್ಸಿನವರೆಗೆ ನಾನು ಜೊತೆಗೆ ಹೋದೆ. ಅವನು ನೋಟ್‌ಬುಕ್ ತೆಗೆದು, ತನ್ನ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಡು ಎಂದ. ಬರೆದೆ. ಅವನು ಅದನ್ನು ಬಹಳ ಹೊತ್ತು ನೋಡಿದ.

"ಆ ಪಟ್ಟಿಯಲ್ಲಿ ಬರೆದದ್ದೂ ಹೀಗೆಯೇನಾ?"

"ಹೌದು."

ಅವನು ತಲೆಯಾಡಿಸಿದ. ಬೈಯಲಿಲ್ಲ. ಬಸ್ಸು ಬಂತು. ಬಾಗಿಲಲ್ಲಿ ಎಂದಿನಂತೆ ಬಗ್ಗಿ ಹತ್ತಿದ. ಮುಂದೆ ಒಂದು ಪತ್ರವೂ ಬರಲಿಲ್ಲ. ಅವನ ಕಾಲೇಜಿನ ಗೆಳೆಯರನ್ನು ಒಂದೆರಡು ಸಲ ಕೇಳಿದೆ. ವಿಮಾನ ಇಳಿದದ್ದು ಮಾತ್ರ ಅವರಿಗೆ ಗೊತ್ತಿತ್ತು. ನನಗೆ ಕೆಲಸ ಸಿಕ್ಕಿತು, ದೂರದ ಜಿಲ್ಲೆಗೆ ಹೋದೆ. ಭಾವನಿಗೂ ವರ್ಗವಾಯಿತು. ಆ ಹಳ್ಳಿಗೆ ಹೋಗಬೇಕಾದ ಕಾರಣ ಯಾವುದೂ ಉಳಿಯಲಿಲ್ಲ.

ಕಳೆದ ತಿಂಗಳು ಆಟೋ ಇಳಿದಾಗ ಕಣದಲ್ಲಿ ಒಂದು ಕಂಬ ಇನ್ನೂ ಇತ್ತು. ಅದಕ್ಕೆ ಡಿಶ್ ಬಿಗಿದಿದ್ದರು. ಪುಟ್ಟಸ್ವಾಮಣ್ಣ ಜಗಲಿಯ ಮೇಲೆ ಕೂತಿದ್ದ. ಮಂಡಿ ಹಿಡಿದಿದೆ, ನನ್ನ ಗುರುತು ಹಿಡಿಯಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಅವ್ವ ಹೋಗಿ ಒಂಬತ್ತು ವರ್ಷವಾಯಿತಂತೆ. ಅದೂ ಇದೂ ಮಾತಾಡಿದ ಮೇಲೆ ನಾನು ಕೇಳಿದೆ. ಕೇಳಲೆಂದೇ ಬಂದವನು. "ಪುಟ್ಟಸ್ವಾಮಣ್ಣ, ಅವತ್ತು ಅವ್ವ ಏಳು ಹೆಸರು ಹೇಳಿದಾಗ ನಾನು ಬೇಡ ಅನ್ನಬೇಕಿತ್ತು."

ಅವನು ಎದ್ದು ಒಳಗೆ ಹೋಗಿ ಒಂದು ಟ್ರಂಕಿನಿಂದ ಬಟ್ಟೆಯ ಗಂಟು ತಂದ. ಆ ವರ್ಷ ಗೆದ್ದ ಕಪ್ಪು, ಸುಕ್ಕುಗಟ್ಟಿದ ಟೈರಿನ ಬೂಟು, ಅದರೊಳಗೆ ಮಡಿಸಿಟ್ಟ ಒಂದು ಕಾಗದ. ಕಾರ್ಬನ್ ನಕಲು. ನೀಲಿ ಮಸುಕಾಗಿದ್ದರೂ ಅಕ್ಷರ ನನ್ನದೇ. ಮನೆ ನಂಬರು, ತಾರೀಖು, ಹೆಸರುಗಳು. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಆರನೆಯದರ ಕೆಳಗೆ ಗೆರೆಗಳು ಖಾಲಿ.

ಕಾಗದವನ್ನು ತಿರುಗಿಸಿದೆ. ಹಿಂದೆಯೂ ಏನೂ ಇರಲಿಲ್ಲ.

"ಇದು ಆ ಬುಧವಾರದ್ದೇನಾ?"

"ಅದೇ ಕಣಪ್ಪ. ಅವ್ವ ಬರ್ಸಿದ್ದು ಆರೇ ಹೆಸ್ರು. ನೀನು ಚೀಟಿ ಹರ್ದು ಕೊಟ್ಟು ಒಂಟೋದೆ. ಸಂಜೆ ನೀನೇ ಸೊಸೈಟಿ ತಾವ್ ಬಂದು, ಅಣ್ಣಾ ನಿಮ್ ಬಿಳಿಯನ್ನ ಪಟ್ಟೀಲಿ ಸೇರಿಸ್ಬುಟ್ಟೆ, ಈ ದೇಶ ಗೀಶ ಎಲ್ಲ ಬರೀ ಕಾಗ್ದ ಅಂದೆ. ನಂಗೂ ಕುಸಿ ಆಯ್ತು. ನಂದೂ ತಪ್ಪೇ."

ಆ ಮಾತು ನನ್ನದೇ. ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ನಾನು ಹಾಗೆಯೇ ಮಾತಾಡುತ್ತಿದ್ದೆ. ಆದರೆ ಏಳು ಮುದ್ದೆ? ಬೆರಳು ಮಡಿಸಿದ್ದು? ಅವೆಲ್ಲ ಅವ್ವ ಮೈಸೂರಿನ ಆ ಕಚೇರಿಯಲ್ಲಿ ಹೇಳಿದ್ದು. ಅದನ್ನು ನಾನು ಪುಟ್ಟಸ್ವಾಮಣ್ಣನ ಬಾಯಿಂದ ಕೇಳಿ, ಎತ್ತಿಕೊಂಡು ಬಂದು, ಜಗಲಿಯ ಮೇಲೆ ಕೂರಿಸಿ, ಕೈಗೆ ಅವರೆಕಾಳು ಕೊಟ್ಟಿದ್ದೆ.

"ಅವ್ವನಿಗೆ ಗೊತ್ತಿತ್ತಾ?"

"ಚೀಟಿ ಮಡಗಿದ್ದೇ ಅವ್ಳು. ಬಸ್ನಾಗೆ ಓಗ್ತಾ ನಿನ್ ಬಗ್ಗೇನೆ ಅಂದ್ಲು, ಓದ್ದೋನು, ಕೆಲ್ಸ ಬರೋ ಒತ್ತು, ನಾನಾದ್ರೆ ಮುದುಕಿ, ಏನ್ ಮಾಡ್ಕಂಡಾರು ಅಂತ. ದಿನಾ ಅಂದ್ರೆ ಗಟ್ಟಿಯಾಯ್ತದೆ, ಮಗ ಅಂತ ನಂಬ್ತಾರೆ ಅನ್ಕಂಡ್ಳು. ಅವ್ಳಿಗೇನ್ ಗೊತ್ತು." ಅವನು ಬೂಟಿನ ಮೇಲಿನ ಧೂಳು ಒರೆಸಿದ. "ಸಾಯೋಗಂಟ ಅದೇ. ನಾನ್ 'ದಿನಾ' ಅನ್ನೋ ಒಂದ್ ಮಾತ್ ಆಡಿದ್ಕೇ ಬಿಳಿಯ ಒಂಟೋದ ಅನ್ನೋಳು. ಇಲ್ಲ ಕಣವ್ವ ಅಂದ್ರೆ ಕೇಳ್ತಿರ್ಲಿಲ್ಲ."

ನಾನು ಕಾಗದವನ್ನು ಮಡಿಸಲು ಹೋದೆ, ಮಡಿಕೆ ಸರಿಯಾಗಲಿಲ್ಲ. ಅವನೇ ಇಸಿದುಕೊಂಡು ಬೂಟಿನೊಳಗೆ ಇಟ್ಟ.

ಅಡುಗೆಮನೆಯಿಂದ ಅವನ ಸೊಸೆ ಕೂಗಿದಳು. "ಮಾವೋ, ಎಸರು ಕಾಯ್ತಾದೆ. ಎಷ್ಟು ಮುದ್ದೆಗೆ ರಾಗಿಟ್ ಆಕ್ಲಿ?"

ಪುಟ್ಟಸ್ವಾಮಣ್ಣ ಬೆರಳು ಮಡಿಸುತ್ತಾ ಆರರವರೆಗೆ ಬಂದು, ನನ್ನ ಕಡೆ ನೋಡಿ, ಇನ್ನೊಂದು ಮಡಿಸಿದ.

"ಏಳ್ ಕಟ್ಟವ್ವ," ಅಂದ. "ಮೇಷ್ಟ್ರು ಉಣ್ತಾರೆ."